ಸ್ಥಳೀಯ ರಸ್ತೆ ಸುರಕ್ಷತಾ ಕಾಮಗಾರಿಗಳಿಗೆ ಸರ್ಕಾರದ ಅನುದಾನ: ವಿಜಯಪುರ ನಗರ, ತಿಕೋಟಾ ಮತ್ತು ಬಬಲೇಶ್ವರ ತಾಲ್ಲೂಕುಗಳ ಸಾರ್ವಜನಿಕರಿಗೆ ಮಾಹಿತಿ

ಪೀಠಿಕೆ

ವಿಜಯಪುರ ಮಹಾನಗರ ಪಾಲಿಕೆ ವ್ಯಾಪ್ತಿಯ ಹಾಗೂ ತಿಕೋಟಾ ಮತ್ತು ಬಬಲೇಶ್ವರ ತಾಲ್ಲೂಕುಗಳ ಸಾರ್ವಜನಿಕರು ತಮ್ಮ ಓಣಿ, ಶಾಲೆ, ಬಸ್ ತಂಗುದಾಣ, ಸಂತೆ ಬಯಲು ಅಥವಾ ಕೂಡುರಸ್ತೆಯಲ್ಲಿ ರಸ್ತೆ ಉಬ್ಬು, ಪಾದಚಾರಿ ದಾಟುಪಟ್ಟಿ, ಸೂಚನಾ ಫಲಕ, ಪಾದಚಾರಿ ಮಾರ್ಗ, ತಡೆಗೋಡೆ, ಬೀದಿದೀಪ ಮುಂತಾದ ಸುರಕ್ಷತಾ ಕಾಮಗಾರಿಗಳನ್ನು ಕೋರಿ ಮನವಿ ಸಲ್ಲಿಸುವಾಗ ಅನುಸರಿಸಬೇಕಾದ ಕ್ರಮವನ್ನು ಹಾಗೂ ಅಂತಹ ಕಾಮಗಾರಿಗಳಿಗೆ ಹಣ ಒದಗುವ ಮೂಲಗಳನ್ನು ಈ ಪುಟದಲ್ಲಿ ವಿವರಿಸಲಾಗಿದೆ.

ಮೊದಲಿಗೆ ಒಂದು ವಿಷಯವನ್ನು ಸ್ಪಷ್ಟಪಡಿಸುವುದು ಅಗತ್ಯ. ರಸ್ತೆ ಸುರಕ್ಷತೆಯ ಅನುದಾನವು ಅರ್ಜಿದಾರರ ಕೈಗೆ ಅಥವಾ ಖಾತೆಗೆ ಬರುವ ಸಹಾಯಧನವಲ್ಲ. ಅದು ಆ ರಸ್ತೆಯ ನಿರ್ವಹಣೆಯ ಹೊಣೆ ಹೊತ್ತ ಸಂಸ್ಥೆಗೆ ಬಿಡುಗಡೆಯಾಗುವ ಹಣ. ಜಾತಿ ಪ್ರಮಾಣಪತ್ರ ಅಥವಾ ಪಹಣಿ ಪ್ರತಿಯಂತೆ ಅರ್ಜಿ ಹಾಕಿದ ಮಾತ್ರಕ್ಕೆ ನಿಗದಿತ ದಿನದೊಳಗೆ ದೊರೆಯತಕ್ಕದ್ದೂ ಅಲ್ಲ. ಆದಾಗ್ಯೂ ಸರಿಯಾದ ಕಚೇರಿಗೆ, ಸರಿಯಾದ ಸಮಯದಲ್ಲಿ, ಸರಿಯಾದ ವಿವರಗಳೊಂದಿಗೆ ಸಲ್ಲಿಕೆಯಾದ ಮನವಿಯು ಕ್ರಿಯಾ ಯೋಜನೆಯಲ್ಲಿ ಸೇರುವ ಸಾಧ್ಯತೆ ಬಹಳ ಹೆಚ್ಚು. ಹಿಂದಿರುಗುವ ಮನವಿಗಳಲ್ಲಿ ಹೆಚ್ಚಿನವು ಹಣದ ಕೊರತೆಯಿಂದಲ್ಲ, ರಸ್ತೆ ಯಾರದೆಂದು ತಿಳಿಯದೆ ಬೇರೆ ಕಚೇರಿಗೆ ಬರೆದ ಕಾರಣದಿಂದ ಹಿಂದಿರುಗುತ್ತವೆ.

ವಿಷಯದ ಗಂಭೀರತೆಯನ್ನು ಅಂಕಿ ಅಂಶಗಳೇ ಹೇಳುತ್ತವೆ. ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯದ ವರದಿಯಂತೆ 2022ನೇ ವರ್ಷದಲ್ಲಿ ದೇಶದಲ್ಲಿ 4,61,312 ರಸ್ತೆ ಅಪಘಾತಗಳು ಸಂಭವಿಸಿ 1,68,491 ಜನರು ಮೃತಪಟ್ಟರು. ಮೃತರಲ್ಲಿ ಶೇಕಡ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನ ಸವಾರರು, ಸುಮಾರು ಶೇಕಡ 19ರಷ್ಟು ಮಂದಿ ಪಾದಚಾರಿಗಳು. ಮೂರನೇ ಎರಡು ಭಾಗದಷ್ಟು ಸಾವುಗಳು ಗ್ರಾಮೀಣ ಪ್ರದೇಶದಲ್ಲಿ ಆದವು. ಅಂದರೆ ಅಪಘಾತವು ದೊಡ್ಡ ನಗರಗಳ ಸಮಸ್ಯೆ ಎಂಬ ಭಾವನೆ ಸರಿಯಲ್ಲ. ಊರಿನ ಅಗಸಿಯ ಮುಂದೆ ಹೆದ್ದಾರಿ ದಾಟುವ ಹಿರಿಯರು, ಶಾಲೆಯಿಂದ ಹಿಂದಿರುಗುವ ಮಕ್ಕಳು, ದ್ರಾಕ್ಷಿ ತೋಟದ ಕೆಲಸಕ್ಕೆ ಟಂಟಂನಲ್ಲಿ ಹೋಗುವ ಕೂಲಿಕಾರರು ಇವರೇ ಹೆಚ್ಚು ಅಪಾಯಕ್ಕೆ ಒಳಗಾಗುವವರು.

ರಸ್ತೆ ಯಾರಿಗೆ ಸೇರಿದ್ದು ಎಂಬುದನ್ನು ಮೊದಲು ತಿಳಿಯತಕ್ಕದ್ದು

ಅರ್ಜಿ ಬರೆಯುವ ಮುನ್ನ ಸಂಬಂಧಿಸಿದ ರಸ್ತೆಯು ಯಾವ ಸಂಸ್ಥೆಯ ಅಧೀನದಲ್ಲಿದೆ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಒಂದು ಸಂಸ್ಥೆಯು ಮತ್ತೊಂದು ಸಂಸ್ಥೆಯ ರಸ್ತೆಗೆ ತನ್ನ ಹಣವನ್ನು ವೆಚ್ಚ ಮಾಡಿದಲ್ಲಿ ಅದು ಲೆಕ್ಕ ಪರಿಶೋಧನೆಯಲ್ಲಿ ಆಕ್ಷೇಪಣೆಗೆ ಗುರಿಯಾಗುತ್ತದೆ. ಆದ್ದರಿಂದ ಮಹಾನಗರ ಪಾಲಿಕೆಯ ಅಧಿಕಾರಿಗೆ ಮನಸ್ಸಿದ್ದರೂ ರಾಷ್ಟ್ರೀಯ ಹೆದ್ದಾರಿಯ ಮೇಲೆ ಪಾಲಿಕೆಯ ಹಣದಿಂದ ಕಾಮಗಾರಿ ಕೈಗೊಳ್ಳಲು ಬರುವುದಿಲ್ಲ. ಸಾರ್ವಜನಿಕರು ಇದನ್ನು ನೆಪವೆಂದು ಭಾವಿಸಬಾರದು.

ರಾಷ್ಟ್ರೀಯ ಹೆದ್ದಾರಿಗಳು: ಕಲಬುರಗಿ ಕಡೆಯಿಂದ ಸಿಂದಗಿ ಮಾರ್ಗವಾಗಿ ಬಂದು ಹುನಗುಂದ, ಹೊಸಪೇಟೆ ಕಡೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 50 ಮತ್ತು ಸೊಲ್ಲಾಪುರದಿಂದ ಬಂದು ಹುಬ್ಬಳ್ಳಿ, ಅಂಕೋಲಾ ಕಡೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 52 ವಿಜಯಪುರದಲ್ಲಿ ಸಂಧಿಸುತ್ತವೆ. ರಾಷ್ಟ್ರೀಯ ಹೆದ್ದಾರಿಗಳಲ್ಲಿ ಕೆಲವನ್ನು ಭಾರತೀಯ ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರವು ನಿರ್ವಹಿಸಿದರೆ, ಇನ್ನು ಕೆಲವನ್ನು ರಾಜ್ಯ ಲೋಕೋಪಯೋಗಿ ಇಲಾಖೆಯ ರಾಷ್ಟ್ರೀಯ ಹೆದ್ದಾರಿ ವಿಭಾಗವು ಕೇಂದ್ರದ ಪರವಾಗಿ ನಿರ್ವಹಿಸುತ್ತದೆ. ಊರಿನ ಹೊರಗೆ ಬೈಪಾಸ್ ಆದ ನಂತರ ಊರೊಳಗೆ ಉಳಿದ ಹಳೆಯ ಹೆದ್ದಾರಿಯ ತುಂಡು ಯಾರ ವಶದಲ್ಲಿದೆ ಎಂಬ ಗೊಂದಲ ಎಲ್ಲ ನಗರಗಳಲ್ಲಿಯೂ ಇರುವಂಥದು. ಹಸ್ತಾಂತರ ಪೂರ್ಣಗೊಳ್ಳುವವರೆಗೆ ಹಳೆಯ ಸಂಸ್ಥೆಯೇ ಹೊಣೆಗಾರ.

ರಾಜ್ಯ ಹೆದ್ದಾರಿ ಮತ್ತು ಜಿಲ್ಲಾ ಮುಖ್ಯ ರಸ್ತೆಗಳು ಲೋಕೋಪಯೋಗಿ ಇಲಾಖೆಗೆ ಸೇರಿದವು. ವಿಜಯಪುರದಿಂದ ತಿಕೋಟಾ ಮೂಲಕ ಅಥಣಿ ಕಡೆಗೆ ಹೋಗುವ ರಸ್ತೆ ಮತ್ತು ಸಾರವಾಡ, ಬಬಲೇಶ್ವರಗಳ ಮೂಲಕ ಜಮಖಂಡಿ ಕಡೆಗೆ ಹೋಗುವ ರಸ್ತೆ ಈ ಎರಡು ತಾಲ್ಲೂಕುಗಳ ಪ್ರಮುಖ ಮಾರ್ಗಗಳು. ಇಂತಹ ಮಾರ್ಗಗಳು ಕಾಲಕಾಲಕ್ಕೆ ಮೇಲ್ದರ್ಜೆಗೆ ಏರುವುದರಿಂದ ಹಳೆಯ ಕಿಲೋಮೀಟರ್ ಕಲ್ಲನ್ನು ನಂಬದೆ, ಲೋಕೋಪಯೋಗಿ ಉಪ ವಿಭಾಗದ ಸಹಾಯಕ ಕಾರ್ಯನಿರ್ವಾಹಕ ಇಂಜಿನಿಯರ್ ಅವರ ಕಚೇರಿಯಲ್ಲಿ ಈಗಿನ ಸಂಖ್ಯೆ ಮತ್ತು ಅಧೀನವನ್ನು ವಿಚಾರಿಸುವುದು ಸೂಕ್ತ. ಹಳ್ಳಿಯಿಂದ ಹಳ್ಳಿಗೆ ಹೋಗುವ ಗ್ರಾಮೀಣ ರಸ್ತೆಗಳು ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗದವು. ಗ್ರಾಮಠಾಣೆಯೊಳಗಿನ ಓಣಿ ರಸ್ತೆಗಳು ಗ್ರಾಮ ಪಂಚಾಯತಿಯವು, ಪಟ್ಟಣ ಪಂಚಾಯತಿ ಇರುವಲ್ಲಿ ಅದರವು. ನಗರದೊಳಗಿನ ವಾರ್ಡ್ ರಸ್ತೆಗಳು ಮಹಾನಗರ ಪಾಲಿಕೆಯವು. ಕಾಲುವೆಯ ಬದಿಯ ಸೇವಾ ರಸ್ತೆಗಳು ಮಾತ್ರ ಸಾಮಾನ್ಯವಾಗಿ ನೀರಾವರಿ ನಿಗಮದ ಅಧೀನದಲ್ಲಿರುತ್ತವೆ ಎಂಬುದನ್ನು ನೀರಾವರಿ ಪ್ರದೇಶದ ಗ್ರಾಮಸ್ಥರು ಗಮನಿಸಬೇಕು.

ಅನುದಾನದ ಮೂಲಗಳು

ರಸ್ತೆ ಸುರಕ್ಷತಾ ನಿಧಿ: ಕರ್ನಾಟಕ ರಾಜ್ಯ ರಸ್ತೆ ಸುರಕ್ಷತಾ ಪ್ರಾಧಿಕಾರ ಅಧಿನಿಯಮ, 2017ರಡಿ ಪ್ರಾಧಿಕಾರ ಮತ್ತು ಪ್ರತ್ಯೇಕ ನಿಧಿಗೆ ಅವಕಾಶ ಕಲ್ಪಿಸಲಾಗಿದೆ. ಹೊಸ ವಾಹನದ ನೋಂದಣಿಯ ಸಮಯದಲ್ಲಿ ವಸೂಲಾಗುವ ರಸ್ತೆ ಸುರಕ್ಷತಾ ಉಪಕರವು ಈ ಉದ್ದೇಶಕ್ಕಾಗಿಯೇ ಇದೆ. ಅಂದರೆ ಕೆಎ-28 ಸಂಖ್ಯೆಯ ಹೊಸ ವಾಹನ ಕೊಂಡವರೂ ಈ ಉದ್ದೇಶಕ್ಕೆ ತಮ್ಮ ಪಾಲನ್ನು ಕೊಟ್ಟಿರುತ್ತಾರೆ. ನಿಧಿಯಿಂದ ವ್ಯಕ್ತಿಗಳಿಗೆ ನೇರವಾಗಿ ಹಣ ನೀಡಲಾಗುವುದಿಲ್ಲ. ಅಪಘಾತ ವಲಯಗಳ ಸುಧಾರಣೆಯ ಪ್ರಸ್ತಾವನೆಗಳು ಜಿಲ್ಲಾ ಮಟ್ಟದಲ್ಲಿ ಪರಿಶೀಲನೆಗೊಂಡು ಮುಂದಕ್ಕೆ ಹೋಗುತ್ತವೆ.

ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ: ಮೋಟಾರು ವಾಹನಗಳ ಅಧಿನಿಯಮ, 1988ರ ಕಲಂ 215ರಡಿ ಜಿಲ್ಲಾ ಸಮಿತಿಗಳನ್ನು ರಚಿಸಲು ಅವಕಾಶವಿದೆ. ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ರಸ್ತೆ ಸುರಕ್ಷತಾ ಸಮಿತಿಯನ್ನು ನೇಮಿಸಿ, 2017ರ ನವೆಂಬರ್ 30ರ ತೀರ್ಪಿನಲ್ಲಿ ಜಿಲ್ಲಾ ಸಮಿತಿಗಳ ರಚನೆಯ ಬಗ್ಗೆಯೂ ರಾಜ್ಯಗಳಿಗೆ ನಿರ್ದೇಶನ ನೀಡಿತು. ಜಿಲ್ಲಾಧಿಕಾರಿಗಳು ಅಧ್ಯಕ್ಷರಾಗಿರುವ ಈ ಸಮಿತಿಯಲ್ಲಿ ಪೊಲೀಸ್, ಲೋಕೋಪಯೋಗಿ, ಸಾರಿಗೆ, ಆರೋಗ್ಯ, ಶಿಕ್ಷಣ ಇಲಾಖೆಗಳ ಹಾಗೂ ಸ್ಥಳೀಯ ಸಂಸ್ಥೆಗಳ ಅಧಿಕಾರಿಗಳು ಇರುತ್ತಾರೆ. ಸಮಿತಿಯು ಸ್ವತಃ ಹಣದ ಮೂಲವಲ್ಲ. ಆದರೆ ಎರಡು ಮೂರು ಸಂಸ್ಥೆಗಳು ಪರಸ್ಪರ ಹೊಣೆ ತೋರಿಸುವ ಕೂಡುರಸ್ತೆಗಳ ವಿಷಯದಲ್ಲಿ ಒಂದೇ ಮೇಜಿನ ಮುಂದೆ ತೀರ್ಮಾನವಾಗುವ ಸ್ಥಳ ಇದೊಂದೇ. ಸಮಿತಿಯ ನಡವಳಿಯಲ್ಲಿ ಒಮ್ಮೆ ದಾಖಲಾದ ವಿಷಯಕ್ಕೆ ಮುಂದಿನ ಸಭೆಯಲ್ಲಿ ಅನುಪಾಲನಾ ವರದಿ ಕೊಡಬೇಕಾಗುವುದರಿಂದ, ನಡವಳಿಯಲ್ಲಿ ಸೇರುವುದೇ ಅರ್ಧ ಕೆಲಸ ಎಂದು ತಿಳಿಯಬಹುದು.

ಇಲಾಖಾ ಆಯವ್ಯಯ: ಲೋಕೋಪಯೋಗಿ ಇಲಾಖೆಯಲ್ಲಿ ರಸ್ತೆ ನಿರ್ವಹಣೆಗೆ ಲೆಕ್ಕ ಶೀರ್ಷಿಕೆ 3054, ಬಂಡವಾಳ ಕಾಮಗಾರಿಗಳಿಗೆ 5054 ಇದೆ. ಬಣ್ಣದ ಪಟ್ಟಿ ಬಳಿಯುವುದು, ಕಿತ್ತು ಹೋದ ಫಲಕ ಮರುಸ್ಥಾಪಿಸುವುದು, ರಸ್ತೆಯ ಅಂಚಿನ ಜಾಲಿ ಕಂಟಿ ಕಡಿಸುವುದು ಮೊದಲನೆಯದರಲ್ಲಿ ಬರುತ್ತವೆ. ರಸ್ತೆ ಅಗಲೀಕರಣ, ತಿರುವು ನೇರಗೊಳಿಸುವುದು, ಸೇತುವೆಯ ಪುನರ್ನಿರ್ಮಾಣ ಎರಡನೆಯದರಲ್ಲಿ ಬರುತ್ತವೆ. ಈ ವ್ಯತ್ಯಾಸವನ್ನು ಅರಿತವರು ತಮ್ಮ ಮನವಿಯಲ್ಲಿ ಎರಡನ್ನೂ ಬೆರೆಸುವುದಿಲ್ಲ. ಒಂದೇ ಅರ್ಜಿಯಲ್ಲಿ ಸೂಚನಾ ಫಲಕವನ್ನೂ ಹೊಸ ಸೇತುವೆಯನ್ನೂ ಕೋರಿದಲ್ಲಿ, ಒಂದು ತಿಂಗಳಲ್ಲಿ ಆಗಬಹುದಾದ ಫಲಕವು ಸೇತುವೆಯ ಕಡತದೊಂದಿಗೆ ವರ್ಷಗಟ್ಟಲೆ ಕಾಯುತ್ತದೆ.

ಸ್ಥಳೀಯ ಸಂಸ್ಥೆಗಳ ಅನುದಾನ: ಕೇಂದ್ರ ಹಣಕಾಸು ಆಯೋಗದ ಅನುದಾನ, ರಾಜ್ಯ ಹಣಕಾಸು ಆಯೋಗದ ಅನುದಾನ ಮತ್ತು ಸ್ವಂತ ಸಂಪನ್ಮೂಲ ಇವು ಮುಖ್ಯ ಮೂಲಗಳು. 15ನೇ ಹಣಕಾಸು ಆಯೋಗದ 2021-22ರಿಂದ 2025-26ರ ಅವಧಿಯಲ್ಲಿ ಗ್ರಾಮೀಣ ಸಂಸ್ಥೆಗಳ ಅನುದಾನದ ಶೇಕಡ 60ರಷ್ಟು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೆ ನಿರ್ಬಂಧಿತವಾಗಿದ್ದು, ಉಳಿದ ಶೇಕಡ 40ರಷ್ಟನ್ನು ಮಾತ್ರ ಸ್ಥಳೀಯ ಅಗತ್ಯಗಳಿಗೆ ಬಳಸಲು ಅವಕಾಶವಿತ್ತು. ಈ ಬಗೆಯ ವಿಂಗಡಣೆಯಿಂದಾಗಿ ಪಂಚಾಯತಿಯ ಖಾತೆಯಲ್ಲಿ ಹಣ ಕಂಡುಬಂದರೂ ಅದೆಲ್ಲವೂ ರಸ್ತೆಗೆ ದೊರೆಯುವುದಿಲ್ಲ. ಮಹಾನಗರ ಪಾಲಿಕೆಯಲ್ಲಿ ಇವುಗಳ ಜೊತೆಗೆ ನಗರೋತ್ಥಾನದಂತಹ ಯೋಜನೆಗಳಡಿಯೂ ರಸ್ತೆ ಕಾಮಗಾರಿಗಳು ನಡೆದಿವೆ. ವಿಕಲಚೇತನರ ಕಲ್ಯಾಣಕ್ಕೆ ಕಾಯ್ದಿರಿಸಿದ ಹಣದ ಬಳಕೆಗೆ ಸ್ಥಳೀಯ ಸಂಸ್ಥೆಗಳು ಪ್ರತಿವರ್ಷ ಕ್ರಿಯಾ ಯೋಜನೆ ರೂಪಿಸುತ್ತವೆ. ಪಾದಚಾರಿ ಮಾರ್ಗಕ್ಕೆ ಇಳಿಜಾರು ದಾರಿ ನಿರ್ಮಿಸುವಂತಹ ಬೇಡಿಕೆಯನ್ನು ಆ ಸಂದರ್ಭದಲ್ಲಿ ಮಂಡಿಸಬಹುದು.

ಶಾಸಕರ ಮತ್ತು ಸಂಸದರ ನಿಧಿ: ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ಯೋಜನೆಯಡಿ ಪ್ರತಿ ಶಾಸಕರಿಗೆ ವಾರ್ಷಿಕ ರೂ. 2 ಕೋಟಿ, ಸಂಸದರ ಯೋಜನೆಯಡಿ ವಾರ್ಷಿಕ ರೂ. 5 ಕೋಟಿ ನಿಗದಿಯಾಗಿದೆ. ಜನಪ್ರತಿನಿಧಿಗಳು ಕಾಮಗಾರಿಯನ್ನು ಶಿಫಾರಸು ಮಾಡುತ್ತಾರೆ, ಮಂಜೂರಾತಿ ನೀಡುವವರು ಜಿಲ್ಲಾಡಳಿತದವರು. ಬಸ್ ತಂಗುದಾಣ, ಪಾದಚಾರಿ ಮಾರ್ಗಗಳಂತಹ ಸ್ಥಿರ ಆಸ್ತಿಗಳಿಗೆ ಈ ನಿಧಿ ಹೊಂದುತ್ತದೆ. ತಿಕೋಟಾ ತಾಲ್ಲೂಕು ಕೇಂದ್ರವಾದರೂ ಆ ಹೆಸರಿನ ವಿಧಾನಸಭಾ ಕ್ಷೇತ್ರವು 2008ರ ಕ್ಷೇತ್ರ ಪುನರ್ವಿಂಗಡಣೆಯ ನಂತರ ಅಸ್ತಿತ್ವದಲ್ಲಿಲ್ಲ. ತಿಕೋಟಾ ಪಟ್ಟಣವು ಈಗ ಬಬಲೇಶ್ವರ ಕ್ಷೇತ್ರದಲ್ಲಿದೆ. ನಗರದ ಹೊರವಲಯದ ಕೆಲವು ಗ್ರಾಮಗಳು ನಾಗಠಾಣ ಕ್ಷೇತ್ರಕ್ಕೆ ಸೇರುತ್ತವೆ. ತಾಲ್ಲೂಕಿನ ಗಡಿ ಮತ್ತು ಕ್ಷೇತ್ರದ ಗಡಿ ಒಂದೇ ಅಲ್ಲ.

ಇನ್ನೊಂದು ಗೊಂದಲವನ್ನೂ ಇಲ್ಲಿ ನಿವಾರಿಸುವುದು ಒಳಿತು. ಜಿಲ್ಲೆಯ ಬಸ್ಸುಗಳ ಮೇಲೆ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಹೆಸರಿರುವುದರಿಂದ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಅನುದಾನವೂ ದೊರೆಯಬಹುದೆಂದು ಕೆಲವರು ಭಾವಿಸುವುದುಂಟು. ಸಾರಿಗೆ ನಿಗಮದ ವ್ಯಾಪ್ತಿಯಲ್ಲಿ ವಿಜಯಪುರ ಇದೆ. ಆದರೆ ಸಂವಿಧಾನದ 371(ಜೆ) ವಿಧಿಯ ವ್ಯಾಪ್ತಿಯ ಬೀದರ, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಮತ್ತು ವಿಜಯನಗರ ಜಿಲ್ಲೆಗಳ ಪಟ್ಟಿಯಲ್ಲಿ ವಿಜಯಪುರ ಇಲ್ಲ. ಮಂಡಳಿಯ ಹೆಸರಿಗೆ ಬರೆದ ಮನವಿಗಳು ಫಲ ನೀಡುವುದಿಲ್ಲ.

ಅಪಘಾತ ವಲಯ ಎಂದರೆ ಏನು

ಕೇಂದ್ರ ಸಚಿವಾಲಯದ ವ್ಯಾಖ್ಯಾನದಂತೆ, ರಾಷ್ಟ್ರೀಯ ಹೆದ್ದಾರಿಯ ಸುಮಾರು 500 ಮೀಟರ್ ಉದ್ದದ ತುಂಡಿನಲ್ಲಿ ಹಿಂದಿನ 3 ಕ್ಯಾಲೆಂಡರ್ ವರ್ಷಗಳಲ್ಲಿ ಸಾವು ಅಥವಾ ತೀವ್ರ ಗಾಯ ಉಂಟಾದ 5 ಅಪಘಾತಗಳು ಸಂಭವಿಸಿದ್ದರೆ, ಅಥವಾ ಒಟ್ಟು 10 ಸಾವುಗಳು ಸಂಭವಿಸಿದ್ದರೆ, ಅದನ್ನು ಅಪಘಾತ ವಲಯ, ಅಂದರೆ ಬ್ಲ್ಯಾಕ್ ಸ್ಪಾಟ್ ಎಂದು ಪರಿಗಣಿಸಲಾಗುತ್ತದೆ. ಈ ಪಟ್ಟಿಗೆ ಸೇರಿದ ಸ್ಥಳಗಳಿಗೆ ಅನುದಾನದಲ್ಲಿ ಆದ್ಯತೆ ಇರುತ್ತದೆ.

ಈ ಲೆಕ್ಕವು ಪೊಲೀಸ್ ದಾಖಲೆಗಳ ಮೇಲೆ ನಿಂತಿದೆ. ಹಳ್ಳಿಗಳಲ್ಲಿ ಅಪಘಾತವಾದಾಗ ಹಿರಿಯರ ಸಮಕ್ಷಮ ಆಸ್ಪತ್ರೆಯ ಖರ್ಚು ಕೊಡಿಸಿ ರಾಜಿ ಮಾಡಿಸುವ ರೂಢಿ ಇದೆ. ಇದರ ಹಿಂದಿನ ಸದುದ್ದೇಶ ಏನೇ ಇರಲಿ, ಪ್ರಕರಣ ದಾಖಲಾಗದ ಅಪಘಾತವು ಸರ್ಕಾರದ ಲೆಕ್ಕದಲ್ಲಿ ನಡೆದೇ ಇಲ್ಲ. ಐದು ಜನರ ಕಾಲು ಮುರಿದ ತಿರುವು ಕಾಗದದ ಮೇಲೆ ನಿರಪಾಯಕರ ತಿರುವಾಗಿ ಉಳಿಯುತ್ತದೆ ಮತ್ತು ಆರನೆಯವರು ಅಲ್ಲಿಯೇ ಬೀಳುತ್ತಾರೆ. ಈಗ ಅಪಘಾತದ ಸ್ಥಳದ ಅಕ್ಷಾಂಶ ರೇಖಾಂಶ ಸಹಿತ ಮಾಹಿತಿಯನ್ನು ಪೊಲೀಸರು ಇ-ಡಾರ್ ತಂತ್ರಾಂಶದಲ್ಲಿ ದಾಖಲಿಸುತ್ತಾರೆ. ಆದ್ದರಿಂದ ದೂರು ನೀಡುವಾಗ "ಊರ ಹತ್ತಿರ" ಎಂದು ಬರೆಸದೆ, ಸ್ಥಳವನ್ನು ನಿಖರವಾಗಿ ತೋರಿಸಬೇಕು.

ಸಾವು ಸಂಭವಿಸುವವರೆಗೆ ಕಾಯಬೇಕೆಂಬ ಅರ್ಥ ಇದಕ್ಕಿಲ್ಲ. ಶಾಲೆ, ಆಸ್ಪತ್ರೆ, ಸಂತೆ, ಜಾತ್ರೆ ನಡೆಯುವ ಸ್ಥಳಗಳಲ್ಲಿ ಅಪಘಾತದ ಸಂಖ್ಯೆ ಇಲ್ಲದೆಯೂ ಸುರಕ್ಷತಾ ಕ್ರಮಗಳನ್ನು ಕೈಗೊಳ್ಳಬಹುದು. ಅಂತಹ ಸಂದರ್ಭದಲ್ಲಿ ಸಂಖ್ಯೆಗೆ ಬದಲಾಗಿ ಆ ಸ್ಥಳದಲ್ಲಿ ರಸ್ತೆ ದಾಟುವವರ ಎಣಿಕೆಯನ್ನು ಒದಗಿಸುವುದು ಉತ್ತಮ.

ರಸ್ತೆ ಉಬ್ಬುಗಳ ಕುರಿತು ವಿಶೇಷ ಸೂಚನೆ

ಸಾರ್ವಜನಿಕರ ಮನವಿಗಳಲ್ಲಿ ಅತಿ ಹೆಚ್ಚಿನವು ರಸ್ತೆ ಉಬ್ಬು ಅಥವಾ ಹಂಪ್ಸ್ ಕೋರುವಂಥವು. ತಪ್ಪಾಗಿ ನಿರ್ಮಾಣವಾಗುವ ಕಾಮಗಾರಿಯೂ ಇದೇ ಆಗಿರುವುದರಿಂದ ಸ್ವಲ್ಪ ವಿವರವಾಗಿ ತಿಳಿಸಲಾಗಿದೆ.

ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿಯಂತೆ, ಗಂಟೆಗೆ 25 ಕಿ.ಮೀ. ವೇಗದಲ್ಲಿ ದಾಟಲು ಅನುವಾಗುವ ದುಂಡು ಉಬ್ಬಿನ ಅಗಲ 3.7 ಮೀಟರ್, ಎತ್ತರ 10 ಸೆಂಟಿಮೀಟರ್ ಇರತಕ್ಕದ್ದು. ಅಂದರೆ ಅದು ಒಂದು ಕಾರಿನ ಉದ್ದದಷ್ಟು ಅಗಲವಾದ, ಮೆಲ್ಲಗೆ ಏರಿ ಮೆಲ್ಲಗೆ ಇಳಿಯುವ ದಿಬ್ಬ. ಅದರ ಮೇಲೆ ಕಪ್ಪು ಬಿಳುಪು ಪಟ್ಟಿ ಇರಬೇಕು, ಸುಮಾರು 40 ಮೀಟರ್ ಮುಂಚಿತವಾಗಿ ಎಚ್ಚರಿಕೆಯ ಫಲಕ ಇರಬೇಕು. ಇದಕ್ಕೆ ವ್ಯತಿರಿಕ್ತವಾಗಿ ಓಣಿಯ ಜನರು ಮನೆ ಕಟ್ಟಿ ಉಳಿದ ಕಾಂಕ್ರೀಟಿನಿಂದ ಒಂದು ಅಡಿ ಅಗಲದ ಕಟ್ಟೆಯನ್ನು ರಾತ್ರೋರಾತ್ರಿ ಹಾಕುವುದು ಕಂಡುಬಂದಿದೆ. ಅಂತಹ ಕಟ್ಟೆಯು ಲಾರಿಯನ್ನು ತಡೆಯುವುದಿಲ್ಲ. ಹಿಂದೆ ಕುಳಿತ ಮಹಿಳೆಯನ್ನು, ಮಗುವನ್ನು ಬೈಕಿನಿಂದ ಎತ್ತಿ ಹಾಕುತ್ತದೆ. ತುರ್ತು ವಾಹನದಲ್ಲಿರುವ ಗರ್ಭಿಣಿಗೂ ಬೆನ್ನು ಮುರಿದ ರೋಗಿಗೂ ಅದು ಅಪಾಯ. ಅನುಮತಿಯಿಲ್ಲದೆ ಸಾರ್ವಜನಿಕ ರಸ್ತೆಯಲ್ಲಿ ಅಡೆತಡೆ ನಿರ್ಮಿಸುವುದು ಕಾನೂನಿಗೆ ವಿರುದ್ಧವಾಗಿದ್ದು, ಅದರಿಂದ ಅಪಘಾತವಾದಲ್ಲಿ ನಿರ್ಮಿಸಿದವರು ಹೊಣೆಗಾರರಾಗಬೇಕಾಗುತ್ತದೆ.

ರಾಷ್ಟ್ರೀಯ ಹೆದ್ದಾರಿಗಳ ಮೇಲೆ ಸಾಮಾನ್ಯವಾಗಿ ರಸ್ತೆ ಉಬ್ಬುಗಳಿಗೆ ಅವಕಾಶ ಇರುವುದಿಲ್ಲ. ಅಪಾಯಕಾರಿ ತಿರುವು, ರೈಲ್ವೆ ಗೇಟು ಮುಂತಾದ ವಿಶೇಷ ಸ್ಥಳಗಳಲ್ಲಿ ಮಾತ್ರ ಚಕ್ರಕ್ಕೆ ಕಂಪನ ನೀಡುವ ಸಣ್ಣ ಪಟ್ಟಿಗಳನ್ನು ಹಾಕಲಾಗುತ್ತದೆ. ಆದ್ದರಿಂದ ಹೆದ್ದಾರಿಗೆ ಉಬ್ಬು ಕೋರಿ ಮೇಲಿಂದ ಮೇಲೆ ಅರ್ಜಿ ಹಾಕುವ ಬದಲು, ಹಳ್ಳಿಯ ರಸ್ತೆಯು ಹೆದ್ದಾರಿಯನ್ನು ಕೂಡುವ ಮುನ್ನ ಹಳ್ಳಿಯ ರಸ್ತೆಯ ಮೇಲೆಯೇ ಉಬ್ಬು, ಕೂಡುವ ಸ್ಥಳದಲ್ಲಿ ದೀಪ, ಹೆದ್ದಾರಿಯ ಮೇಲೆ ಮುಂಚಿತ ಫಲಕ, ನೋಟಕ್ಕೆ ಅಡ್ಡವಾದ ಕಂಟಿ ಮತ್ತು ಜಾಹೀರಾತು ಫಲಕಗಳ ತೆರವು ಇವನ್ನು ಕೋರುವುದು ಹೆಚ್ಚು ಫಲಕಾರಿ.

ಕಡಿಮೆ ವೆಚ್ಚದ ಕಾಮಗಾರಿಗಳು

ಹೈಮಾಸ್ಟ್ ದೀಪವು ಎಲ್ಲರ ಕಣ್ಣಿಗೆ ಕಾಣುವುದರಿಂದ ಅದಕ್ಕೆ ಬೇಡಿಕೆ ಹೆಚ್ಚು. ಆದರೆ ಅದರ ವಿದ್ಯುತ್ ಬಿಲ್ಲನ್ನು ಪ್ರತಿ ತಿಂಗಳೂ ಹೆಸ್ಕಾಂಗೆ ಪಾವತಿಸಬೇಕಾದುದು ಸ್ಥಳೀಯ ಸಂಸ್ಥೆ ಎಂಬುದನ್ನು ಬೇಡಿಕೆ ಸಲ್ಲಿಸುವವರು ಯೋಚಿಸುವುದು ಕಡಿಮೆ. ಬಿಲ್ಲು ಬಾಕಿಯಾಗಿ ಅಥವಾ ಕೆಟ್ಟು ನಿಂತ ದೀಪಕ್ಕಿಂತ, ರಸ್ತೆಯ ಅಂಚಿನ ಬಿಳಿ ಗೆರೆ, ತಿರುವಿನಲ್ಲಿ ಪ್ರತಿಫಲನ ಫಲಕ, ರಸ್ತೆಯಲ್ಲಿ ಹುದುಗಿಸಿದ ಪ್ರತಿಫಲಕ ಗುಂಡಿ, ಬಸ್ ನಿಲ್ಲಲು ರಸ್ತೆಯ ಪಕ್ಕಕ್ಕೆ ಸರಿಸಿದ ಜಾಗ ಇವು ಅಲ್ಪ ವೆಚ್ಚದಲ್ಲಿ ಹೆಚ್ಚು ಜೀವ ಉಳಿಸುವ ಕಾಮಗಾರಿಗಳು.

ಇದಕ್ಕೆ ರಾಜ್ಯದಲ್ಲಿಯೇ ಉದಾಹರಣೆ ಇದೆ. ಕರ್ನಾಟಕ ರಾಜ್ಯ ಹೆದ್ದಾರಿಗಳ ಅಭಿವೃದ್ಧಿ ಯೋಜನೆಯಡಿ, ವಿಶ್ವಬ್ಯಾಂಕ್ ನೆರವಿನಿಂದ ಬೆಳಗಾವಿ-ಯರಗಟ್ಟಿ ರಸ್ತೆಯನ್ನು ಸುರಕ್ಷಿತ ಮಾರ್ಗದ ಮಾದರಿಯಾಗಿ ಅಭಿವೃದ್ಧಿಪಡಿಸಲಾಯಿತು. ಕೂಡುರಸ್ತೆಗಳ ಸುಧಾರಣೆ, ಫಲಕ ಮತ್ತು ಗೆರೆಗಳು, ಪಾದಚಾರಿ ಸೌಲಭ್ಯ ಇವುಗಳ ಜೊತೆಗೆ ಪೊಲೀಸ್ ಗಸ್ತು ಮತ್ತು ತುರ್ತು ಚಿಕಿತ್ಸೆಯನ್ನೂ ಒಟ್ಟಿಗೆ ಕೈಗೊಂಡುದರಿಂದ ಆ ಮಾರ್ಗದಲ್ಲಿ ಸಾವುಗಳು ಸುಮಾರು ಅರ್ಧದಷ್ಟು ಇಳಿದವು. ಇಂಜಿನಿಯರಿಂಗ್ ಕಾಮಗಾರಿಯೊಂದೇ ಆ ಫಲವನ್ನು ನೀಡಲಿಲ್ಲ ಎಂಬುದು ಗಮನಾರ್ಹ.

ಅನುದಾನವೇ ಬೇಕಿಲ್ಲದ ಕೆಲಸಗಳೂ ಇವೆ. ಕಬ್ಬು ನುರಿಸುವ ಹಂಗಾಮಿನಲ್ಲಿ ಜಮಖಂಡಿ ರಸ್ತೆಯಲ್ಲಿ ಎರಡೆರಡು ಡಬ್ಬಿ ಕಟ್ಟಿದ ಟ್ರ್ಯಾಕ್ಟರುಗಳು ಹಿಂಬದಿ ದೀಪವಿಲ್ಲದೆ ರಾತ್ರಿ ಸಂಚರಿಸುತ್ತವೆ, ಕೆಟ್ಟು ನಿಂತಾಗ ರಸ್ತೆಯ ಮೇಲೆ ಕಲ್ಲುಗಳನ್ನಿಟ್ಟು ಹೋಗಲಾಗುತ್ತದೆ. ಡಬ್ಬಿಯ ಹಿಂಬದಿಗೆ ಕೆಂಪು ಪ್ರತಿಫಲಕ ಪಟ್ಟಿ ಅಂಟಿಸುವುದು ವಾಹನ ಮಾಲೀಕರ ಕರ್ತವ್ಯ. ಹಂಗಾಮಿನ ಆರಂಭದಲ್ಲಿ ಈ ಬಗ್ಗೆ ಪ್ರಾದೇಶಿಕ ಸಾರಿಗೆ ಕಚೇರಿಗೆ, ಪೊಲೀಸ್ ಠಾಣೆಗೆ ಮತ್ತು ಸಂಬಂಧಿಸಿದ ಸಕ್ಕರೆ ಕಾರ್ಖಾನೆಗೆ ಗ್ರಾಮಸ್ಥರು ಒಂದು ಪತ್ರ ಬರೆದರೆ ಸಾಕು.

ಅರ್ಜಿಯಲ್ಲಿ ಇರಬೇಕಾದ ವಿವರಗಳು

ಅರ್ಜಿಗೆ ಬಿಳಿ ಹಾಳೆ ಸಾಕು. "ನಮ್ಮ ಊರಲ್ಲಿ ಬಹಳ ಅಪಘಾತಗಳು ಆಗುತ್ತಿದ್ದು ಕೂಡಲೇ ಕ್ರಮ ಕೈಗೊಳ್ಳಬೇಕು" ಎಂಬ ಒಕ್ಕಣೆಯಿಂದ ಅಂದಾಜು ಪತ್ರಿಕೆ ತಯಾರಿಸಲು ಸಾಧ್ಯವಾಗುವುದಿಲ್ಲ. ಉದಾಹರಣೆಗೆ, "ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಗೇಟು ರಸ್ತೆಯ ಎಡಬದಿಗೆ ಇದ್ದು ಬಸ್ ತಂಗುದಾಣ ಬಲಬದಿಗೆ ಇದೆ. ಬೆಳಿಗ್ಗೆ 9ರಿಂದ 10 ಹಾಗೂ ಸಂಜೆ 4ರಿಂದ 5 ಗಂಟೆಯವರೆಗೆ ಮಕ್ಕಳು ಇಲ್ಲಿ ದಾಟುತ್ತಾರೆ. ಗೇಟಿನ ಪೂರ್ವಕ್ಕಿರುವ ತಿರುವಿನಿಂದ ಬರುವ ವಾಹನ ಕಾಣುವುದಿಲ್ಲ" ಎಂದು ಬರೆದಲ್ಲಿ, ಇಂಜಿನಿಯರ್ ಅವರು ಸ್ಥಳಕ್ಕೆ ಬರುವ ಮೊದಲೇ ಪರಿಹಾರವನ್ನು ಊಹಿಸಬಲ್ಲರು. ಯಾವ ಕಾಮಗಾರಿ ಬೇಕೆಂದು ನಿರ್ಧರಿಸುವುದನ್ನು ಅವರಿಗೆ ಬಿಡುವುದು ಲೇಸು. ಅರ್ಜಿದಾರರು ತೊಂದರೆಯನ್ನು ವಿವರಿಸಿದರೆ ಸಾಕು.

ಅರ್ಜಿಯೊಂದಿಗೆ ಈ ಕೆಳಗಿನವುಗಳನ್ನು ಲಗತ್ತಿಸತಕ್ಕದ್ದು:
1. ಸ್ಥಳದ ಕೈ ನಕ್ಷೆ, ಹತ್ತಿರದ ಕಿಲೋಮೀಟರ್ ಕಲ್ಲು ಅಥವಾ ಶಾಶ್ವತ ಗುರುತಿನಿಂದ ಇರುವ ದೂರ.
2. ರಸ್ತೆಯ ಎರಡೂ ದಿಕ್ಕಿನಿಂದ ತೆಗೆದ ಛಾಯಾಚಿತ್ರಗಳು. ಸಾಧ್ಯವಾದರೆ ರಾತ್ರಿಯದೂ ಒಂದು.
3. ದಾಖಲಾದ ಅಪಘಾತ ಪ್ರಕರಣಗಳಿದ್ದಲ್ಲಿ ಅವುಗಳ ಸಂಖ್ಯೆ ಮತ್ತು ದಿನಾಂಕ.
4. ಗ್ರಾಮಸಭೆ ಅಥವಾ ವಾರ್ಡ್ ಸಭೆಯ ಠರಾವಿನ ಪ್ರತಿ, ಅಥವಾ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಠರಾವು.
5. ಖಾಸಗಿ ಜಾಗ ಬೇಕಾಗುವಲ್ಲಿ ಮಾಲೀಕರ ಲಿಖಿತ ಒಪ್ಪಿಗೆ.

ಇವುಗಳಲ್ಲಿ ನಾಲ್ಕನೆಯದು ಅತಿ ಮುಖ್ಯ. ಗ್ರಾಮಸಭೆಯ ಠರಾವು ಇಲ್ಲದ ಕಾಮಗಾರಿಯನ್ನು ಪಂಚಾಯತಿಯ ಕ್ರಿಯಾ ಯೋಜನೆಯಲ್ಲಿ ಸೇರಿಸಲು ತೊಡಕಾಗುತ್ತದೆ. ಐದನೆಯದು ಅನೇಕ ಬಾರಿ ಕಾಮಗಾರಿಯನ್ನೇ ನಿಲ್ಲಿಸುತ್ತದೆ. ಬಾಯಿಮಾತಿನ ಒಪ್ಪಿಗೆ ಗುತ್ತಿಗೆದಾರರು ಬಂದ ದಿನ ಬದಲಾಗುವುದು ಅಪರೂಪವಲ್ಲ.

ವಿಜಯಪುರ ನಗರದ ನಿವಾಸಿಗಳಿಗೆ ಹೆಚ್ಚುವರಿ ಸೂಚನೆ: ಗೋಳಗುಮ್ಮಟ, ಇಬ್ರಾಹಿಂ ರೋಜಾ, ಬಾರಾಕಮಾನ್ ಹಾಗೂ ಕೋಟೆಗೋಡೆಯ ಸಂರಕ್ಷಿತ ಭಾಗಗಳ ಸಮೀಪದಲ್ಲಿ ನೆಲ ಅಗೆಯುವ, ಕಂಬ ನೆಡುವ, ಗೋಡೆ ಕಟ್ಟುವ ಕಾಮಗಾರಿಗಳಿಗೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯೊಂದಿಗೆ ಮುಂಚಿತವಾಗಿ ವ್ಯವಹರಿಸಬೇಕಾಗುತ್ತದೆ. 1958ರ ಪ್ರಾಚೀನ ಸ್ಮಾರಕಗಳ ಅಧಿನಿಯಮಕ್ಕೆ 2010ರಲ್ಲಿ ಆದ ತಿದ್ದುಪಡಿಯಂತೆ ಸಂರಕ್ಷಿತ ಸ್ಮಾರಕದ ಮೇರೆಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಗಿನ 200 ಮೀಟರ್ ನಿಯಂತ್ರಿತ ಪ್ರದೇಶ. ನಗರದ ಹಳೆಯ ಭಾಗದಲ್ಲಿ ಸ್ಮಾರಕಗಳು ಒತ್ತೊತ್ತಾಗಿರುವುದರಿಂದ ಅನೇಕ ಓಣಿಗಳು ಈ ಮಿತಿಯೊಳಗೆ ಬರುತ್ತವೆ. ಇಂತಹ ಸ್ಥಳಗಳಲ್ಲಿ ರಸ್ತೆ ಅಗಲೀಕರಣವನ್ನು ಕೋರುವುದಕ್ಕಿಂತ ಏಕಮುಖ ಸಂಚಾರ, ವಾಹನ ನಿಲುಗಡೆ ನಿಷೇಧ, ಭಾರಿ ವಾಹನಗಳಿಗೆ ಸಮಯದ ನಿರ್ಬಂಧ ಮುಂತಾದ ಸಂಚಾರ ನಿಯಂತ್ರಣ ಕ್ರಮಗಳನ್ನು ಕೋರುವುದು ಕಾರ್ಯಸಾಧ್ಯ. ಪಾದಚಾರಿ ಮಾರ್ಗದಲ್ಲಿ ಬೀದಿ ವ್ಯಾಪಾರಿಗಳಿದ್ದಲ್ಲಿ ಅವರ ತೆರವು 2014ರ ಬೀದಿ ವ್ಯಾಪಾರಿಗಳ ಅಧಿನಿಯಮಕ್ಕೆ ಒಳಪಟ್ಟಿರುತ್ತದೆ.

ಮಳೆಗಾಲದಲ್ಲಿ ಡೋಣಿ ನದಿ ಮತ್ತು ಹಳ್ಳಗಳ ನೀರು ಸೇತುವೆಯ ಮೇಲೆ ಹರಿಯುವ ಸ್ಥಳಗಳಲ್ಲಿ ನೀರಿನ ಮಟ್ಟ ತೋರಿಸುವ ಕಂಬ, ಅಂಚುಗಲ್ಲು ಮತ್ತು ತಡೆ ಸರಪಳಿಗಳನ್ನು ಮುಂಗಾರಿಗೆ ಮುನ್ನವೇ ಕೋರಬೇಕು. ಹೊಸ ಸೇತುವೆ ಬರುವವರೆಗೆ ಕಂಬವೂ ಬೇಡವೆಂದು ಹಟ ಹಿಡಿಯುವುದು ತರವಲ್ಲ.

ಯಾವಾಗ ಸಲ್ಲಿಸಬೇಕು

ಆರ್ಥಿಕ ವರ್ಷವು ಏಪ್ರಿಲ್ 1ಕ್ಕೆ ಆರಂಭವಾಗಿ ಮಾರ್ಚ್ 31ಕ್ಕೆ ಮುಗಿಯುತ್ತದೆ. ಫೆಬ್ರುವರಿ, ಮಾರ್ಚ್ ತಿಂಗಳುಗಳಲ್ಲಿ ಬರುವ ಮನವಿಗೆ ಆ ವರ್ಷದ ಹಣ ಉಳಿದಿರುವುದಿಲ್ಲ, ಮುಂದಿನ ವರ್ಷದ ಕ್ರಿಯಾ ಯೋಜನೆಯೂ ಬಹುತೇಕ ಸಿದ್ಧವಾಗಿರುತ್ತದೆ. ಗ್ರಾಮ ಪಂಚಾಯತಿಗಳಲ್ಲಿ ಮುಂದಿನ ವರ್ಷದ ಅಭಿವೃದ್ಧಿ ಯೋಜನೆಯ ತಯಾರಿಯು 2018ರಿಂದ ಅಕ್ಟೋಬರ್ 2ರ ಜನ ಯೋಜನೆ ಅಭಿಯಾನದೊಂದಿಗೆ ಆರಂಭವಾಗುವ ಪದ್ಧತಿ ಇದೆ. ಮಹಾನಗರ ಪಾಲಿಕೆಯ ಆಯವ್ಯಯ ಪೂರ್ವಭಾವಿ ಸಭೆಗಳು ಆಯವ್ಯಯ ಮಂಡನೆಗೆ ಮುನ್ನ ನಡೆಯುತ್ತವೆ. ಆದ್ದರಿಂದ ಆಗಸ್ಟ್ ತಿಂಗಳಿನಿಂದ ನವೆಂಬರ್ ತಿಂಗಳ ಒಳಗೆ ಅರ್ಜಿ ಸಲ್ಲಿಸುವುದು ಅನುಕೂಲಕರ. ಚುನಾವಣಾ ನೀತಿ ಸಂಹಿತೆ ಜಾರಿಯಲ್ಲಿರುವಾಗ ಹೊಸ ಕಾಮಗಾರಿಗಳಿಗೆ ಚಾಲನೆ ನೀಡಲಾಗುವುದಿಲ್ಲ. ಚುನಾಯಿತ ಮಂಡಳಿ ಇಲ್ಲದ ಅವಧಿಯಲ್ಲಿ ಆಡಳಿತಾಧಿಕಾರಿಗಳಿಗೆ ಅರ್ಜಿ ಸಲ್ಲಿಸಬಹುದು.

ಮಂಜೂರಾತಿಯ ಹಂತಗಳು ಮತ್ತು ನಂತರದ ಪರಿಶೀಲನೆ

ಸ್ಥಳ ತನಿಖೆ, ಅಂದಾಜು ಪತ್ರಿಕೆ, ಆಡಳಿತಾತ್ಮಕ ಅನುಮೋದನೆ, ತಾಂತ್ರಿಕ ಮಂಜೂರಾತಿ, ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999ರಂತೆ ಟೆಂಡರ್, ಕಾರ್ಯಾದೇಶ, ಕಾಮಗಾರಿ, ಅಳತೆ ಪುಸ್ತಕದಲ್ಲಿ ನಮೂದು, ಬಿಲ್ಲು ಪಾವತಿ, ಹಣ ಬಳಕೆ ಪ್ರಮಾಣಪತ್ರ ಇದು ಸಾಮಾನ್ಯ ಕ್ರಮ. ಅರ್ಜಿದಾರರು ಸ್ವೀಕೃತಿ ಪಡೆದು ಕಡತದ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಬೇಕು ಮತ್ತು ಕಡತವು ಈಗ ಯಾವ ಹಂತದಲ್ಲಿದೆ ಎಂದು ಕೇಳಬೇಕು. "ಏನಾಯಿತು" ಎಂದು ಕೇಳಿದರೆ "ಪರಿಶೀಲನೆಯಲ್ಲಿದೆ" ಎಂಬ ಉತ್ತರ ದೊರೆಯುತ್ತದೆ. "ಅಂದಾಜು ಪತ್ರಿಕೆ ತಯಾರಾಗಿದೆಯೇ, ತಾಂತ್ರಿಕ ಮಂಜೂರಾತಿಗೆ ಯಾವ ದಿನ ಕಳುಹಿಸಲಾಗಿದೆ" ಎಂದು ಕೇಳಿದರೆ ದಿನಾಂಕ ದೊರೆಯುತ್ತದೆ.

ಉತ್ತರ ದೊರೆಯದಿದ್ದಲ್ಲಿ ಜನಸ್ಪಂದನ ಸಹಾಯವಾಣಿ 1902ರಲ್ಲಿ ದೂರು ದಾಖಲಿಸಬಹುದು. ಮಾಹಿತಿ ಹಕ್ಕು ಅಧಿನಿಯಮ, 2005ರಡಿ ರೂ. 10 ಶುಲ್ಕದೊಂದಿಗೆ ಅರ್ಜಿ ಸಲ್ಲಿಸಿ 30 ದಿನಗಳೊಳಗೆ ಅಂದಾಜು ಪತ್ರಿಕೆ, ಕಾರ್ಯಾದೇಶ ಮತ್ತು ಅಳತೆ ಪುಸ್ತಕದ ಪ್ರತಿಗಳನ್ನು ಕೋರಬಹುದು. ಕಾರ್ಯಾದೇಶದಲ್ಲಿ ದೋಷ ಹೊಣೆಗಾರಿಕೆ ಅವಧಿ ನಮೂದಾಗಿರುತ್ತದೆ. ಆ ಅವಧಿಯಲ್ಲಿ ಫಲಕ ಬಿದ್ದರೆ, ಬಣ್ಣ ಅಳಿಸಿದರೆ, ಉಬ್ಬು ಕಿತ್ತುಹೋದರೆ ಗುತ್ತಿಗೆದಾರರು ತಮ್ಮ ವೆಚ್ಚದಲ್ಲಿ ಸರಿಪಡಿಸಬೇಕು. ಇದನ್ನು ಯಾರೂ ಕೇಳದಿರುವುದರಿಂದಲೇ ಅದೇ ಸ್ಥಳಕ್ಕೆ ಪುನಃ ಅನುದಾನ ವೆಚ್ಚವಾಗುತ್ತದೆ. ರಸ್ತೆಯ ವಿನ್ಯಾಸ, ನಿರ್ಮಾಣ ಮತ್ತು ನಿರ್ವಹಣೆಯಲ್ಲಿ ನಿಗದಿತ ಗುಣಮಟ್ಟ ಪಾಲಿಸದ ಕಾರಣ ಸಾವು ಅಥವಾ ಅಂಗವೈಕಲ್ಯ ಉಂಟಾದಲ್ಲಿ, 2019ರ ತಿದ್ದುಪಡಿಯಿಂದ ಸೇರ್ಪಡೆಯಾದ ಕಲಂ 198ಎ ಪ್ರಕಾರ ಹೊಣೆಗಾರರಿಗೆ ರೂ. 1 ಲಕ್ಷದವರೆಗೆ ದಂಡ ವಿಧಿಸಲು ಅವಕಾಶವಿದೆ.

ಅಪಘಾತ ಸಂಭವಿಸಿದಲ್ಲಿ

ತುರ್ತು ನೆರವಿಗೆ 112, ಆಂಬ್ಯುಲೆನ್ಸ್ ಸೇವೆಗೆ 108, ರಾಷ್ಟ್ರೀಯ ಹೆದ್ದಾರಿಯಲ್ಲಿ 1033 ಸಂಖ್ಯೆಗೆ ಕರೆ ಮಾಡುವುದು. ಗಾಯಾಳುವನ್ನು ಸದ್ಭಾವನೆಯಿಂದ ಆಸ್ಪತ್ರೆಗೆ ಸೇರಿಸಿದವರಿಗೆ ಮೋಟಾರು ವಾಹನಗಳ ಅಧಿನಿಯಮದ ಕಲಂ 134ಎ ರಕ್ಷಣೆ ನೀಡುತ್ತದೆ. ಅವರು ತಮ್ಮ ಹೆಸರು, ವಿಳಾಸ ತಿಳಿಸುವುದು ಕಡ್ಡಾಯವಲ್ಲ. ಕೇಂದ್ರ ಸರ್ಕಾರವು 2025ರ ಮೇ ತಿಂಗಳಲ್ಲಿ ಅಧಿಸೂಚಿಸಿದ ನಗದುರಹಿತ ಚಿಕಿತ್ಸಾ ಯೋಜನೆಯಡಿ ನಿಯೋಜಿತ ಆಸ್ಪತ್ರೆಗಳಲ್ಲಿ ಪ್ರತಿ ಗಾಯಾಳುವಿಗೆ ಅಪಘಾತದ ದಿನದಿಂದ 7 ದಿನಗಳವರೆಗೆ ರೂ. 1.5 ಲಕ್ಷದ ಮಿತಿಯೊಳಗೆ ಚಿಕಿತ್ಸೆಗೆ ಅವಕಾಶವಿದೆ. ಡಿಕ್ಕಿ ಹೊಡೆದ ವಾಹನ ಪತ್ತೆಯಾಗದಿದ್ದಲ್ಲಿ, 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ಯೋಜನೆಯಂತೆ ಮೃತರ ವಾರಸುದಾರರಿಗೆ ರೂ. 2 ಲಕ್ಷ, ತೀವ್ರ ಗಾಯಗೊಂಡವರಿಗೆ ರೂ. 50 ಸಾವಿರ ಪರಿಹಾರ ದೊರೆಯುತ್ತದೆ. ಇದಕ್ಕೂ ಪೊಲೀಸ್ ಠಾಣೆಯಲ್ಲಿ ಪ್ರಕರಣ ದಾಖಲಾಗಿರುವುದು ಅವಶ್ಯ.